ಒಂದು ದೂರು ಕೊಡಿ, ಪುಣ್ಯ ಕಟ್ಕೊಳ್ಳಿ

ಹೇಗಿದ್ದೀರಿ ಎಂದು ಹಾಸಿಗೆ ಹಾಸಿಗೆಗೂ ಹೋಗಿ ಕೇಳುವುದೇ ಕೆಲಸವಾದವನಿಗೆ ನೆಟ್ಟಗೆ ಕಳೆದ ದಿನ ಎಂಬುದೊಂದು ಇರುವುದಿಲ್ಲ. ಇಂಥ ಎಡವಟ್ಟುಗಳು ಬೇರೆಯವರಿಗೆ ವರ್ಷಕ್ಕೊಂದು ಆದರೆ ಹೆಚ್ಚು. ನನಗೆ ತಿಂಗಳಿಗೊಂದು, ತಪ್ಪದೆ ಆಗುತ್ತಿದ್ದವು.

ಆಗ ಯುದ್ಧದ ಕಾಲ. ನಮ್ಮ ಕಡೆಯ ಜಮೀನ್ದಾರರೊಬ್ಬರು ಸಾಯುವ ಮುಂಚೆ ಉಯಿಲು ಬರೆದು ಮಂಡ್ಯ, ಮದ್ದೂರು, ಮಳವಳ್ಳಿ ಮೂರು ಕಡೆಯೂ ಒಂದೊಂದು ಶುಶ್ರೂಷಾಲಯ ಮಾಡಿಸಿದ್ದರು. ಆಸ್ಪತ್ರೆಯ ಔಷಧಿ ಮುಗಿದರೂ ಮೈಗೆ ಕಸುವು ಬಾರದವರು, ವಯಸ್ಸಾದ ಮೇಲೆ ಬಿದ್ದು ಕಾಲು ಮುರಿದುಕೊಂಡವರು, ಸೊಂಟ ಹಿಡಿದವರು ಅಲ್ಲಿ ನಾಲ್ಕಾರು ತಿಂಗಳು ಇದ್ದು, ಉಂಡು, ಸುಧಾರಿಸಿಕೊಂಡು ಹೋಗಲಿ ಎಂಬುದು ಆ ಪುಣ್ಯಾತ್ಮರ ಆಸೆ. ಒಂದೊಂದರಲ್ಲೂ ಹತ್ತು ಹನ್ನೆರಡು ಹಾಸಿಗೆ, ಒಬ್ಬಳು ಆಯಾ, ಒಬ್ಬ ಅಡುಗೆಯವನು. ವಾರಕ್ಕೊಮ್ಮೆ ಡಾಕ್ಟರು ಬಂದು ಹೋಗುತ್ತಿದ್ದರು. ಯಾರೂ ಒಂದು ಕಾಸು ಕೊಡಬೇಕಾಗಿರಲಿಲ್ಲ.

ಈ ಮೂರಕ್ಕೂ ಅಧ್ಯಕ್ಷರು ಒಬ್ಬ ನಿವೃತ್ತ ಅಮಲ್ದಾರರು. ಅವರು ನನ್ನನ್ನು ತನಿಖೆ ಗುಮಾಸ್ತ ಎಂದು ಒಂದು ವರ್ಷದ ಮಟ್ಟಿಗೆ ಹಂಗಾಮಿಯಾಗಿ ನೇಮಿಸಿಕೊಂಡರು. ಪ್ರತಿ ತಿಂಗಳೂ ಮೂರು ಊರಿಗೂ ಹೋಗಿ, ರೋಗಿಗಳನ್ನು ನಾಲ್ಕು ಪ್ರಶ್ನೆ ಕೇಳಿ, ಬರೆದುಕೊಂಡು ಬರಬೇಕು. ಊಟ ಹೊತ್ತಿಗೆ ಸರಿಯಾಗಿ ಬರುತ್ತದೆಯೇ, ನಿದ್ದೆ ಚೆನ್ನಾಗಿ ಬರುತ್ತದೆಯೇ, ಕರೆದರೆ ಆಯಾ ಬರುತ್ತಾಳೆಯೇ, ಕೊನೆಯದಾಗಿ ಏನಾದರೂ ಕೊರತೆ ಇದೆಯೇ. ಕಷ್ಟವೇನೂ ಇರಲಿಲ್ಲ. ಕಷ್ಟವಿದ್ದದ್ದು ಅಧ್ಯಕ್ಷರ ತಲೆಯಲ್ಲಿ. ಎಲ್ಲ ಚೆನ್ನಾಗಿದೆ ಎಂದು ಬರೆದು ತಂದವನು ಊರಿಗೇ ಹೋಗಿಲ್ಲ, ಯಾವುದೋ ಹುಣಿಸೆ ಮರದ ಕೆಳಗೆ ಕೂತು ಬರೆದಿದ್ದಾನೆ ಎಂಬುದು ಅವರ ಮೂವತ್ತು ವರ್ಷದ ಸರ್ವೀಸಿನ ಸಾರ.

"ವರ್ಷದೊಳಗೆ ಒಂದೇ ಒಂದು ನಿಜವಾದ ದೂರು ತನ್ನಿ. ರೋಗಿ ಬಾಯಿಂದ ಬಂದದ್ದು, ರೋಗಿ ಹೆಬ್ಬೆಟ್ಟು ಒತ್ತಿದ್ದು. ತಂದರೆ ಖಾಯಂ. ಇಲ್ಲದಿದ್ದರೆ ನಿಮ್ಮ ದಾರಿ ನಿಮಗೆ," ಎಂದು ಮೊದಲ ದಿನವೇ ಹೇಳಿಬಿಟ್ಟರು.

ನನಗೆ ಅದು ಬರೀ ಕೆಲಸದ ಮಾತಾಗಿರಲಿಲ್ಲ. ಮದ್ದೂರಿನ ಹತ್ತಿರದ ಕೊಪ್ಪದಲ್ಲಿ ಒಂದು ಹೆಣ್ಣು ನೋಡಿ ಬಂದಿದ್ದೆ. ಹುಡುಗಿಗೆ ಒಪ್ಪಿಗೆ, ನನಗಂತೂ ಒಪ್ಪಿಗೆಯಾಗಿ ಊಟ ಸೇರುತ್ತಿರಲಿಲ್ಲ. ಆದರೆ ಹುಡುಗಿಯ ಅಪ್ಪ, "ಅಂಗಾಮಿ ಕೆಲ್ಸದೋರ್ಗೆ ಕಾಯಂ ಎಣ್ಣು ಎಂಗ್ ಕೊಡಾದು? ಯುಗಾದಿ ಗಂಟ ಕಾಯ್ತೀನಿ," ಎಂದು ಎಲೆ ಅಡಿಕೆ ತಟ್ಟೆ ಆಚೆಗೆ ಸರಿಸಿದ್ದರು.

ಒಂದು ವರ್ಷದಲ್ಲಿ ಒಂದು ದೂರು. ಮಂಡ್ಯದ ಕಡೆಯ ಜನ ಮುಖ ಮೂತಿ ನೋಡದೆ ಮಾತಾಡುವವರು, ಇದೇನು ಮಹಾ ಎಂದುಕೊಂಡೆ.

೧. ನೀರುಗಂಟಿ

ಮೊದಲ ತನಿಖೆ ಮಂಡ್ಯದಲ್ಲಿ. ಹೊಸ ಕೋಟು, ಹೊಸ ಪೆನ್ಸಿಲ್ಲು. ಬಾಗಿಲ ಪಕ್ಕದ ಹಾಸಿಗೆಯಲ್ಲಿ ಸೊಂಟ ಹಿಡಿದ ಮುದುಕರೊಬ್ಬರು ಗೋಡೆಗೆ ಒರಗಿ ಕೂತಿದ್ದರು, ಬೇಸಾಯದವರು. ಮೊದಲ ಮೂರು ಪ್ರಶ್ನೆಗೆ 'ಊಂ' ಎಂದರು. ನಾಲ್ಕನೆಯದನ್ನು ಕೇಳಿದೆ, ಏನಾದರೂ ಕೊರತೆ ಇದೆಯೇ ಎಂದು.

"ಐತೆ ಸ್ವಾಮಿ," ಅಂದರು.

ಪೆನ್ಸಿಲ್ಲಿನ ತುದಿ ನಾಲಿಗೆಗೆ ಒತ್ತಿಕೊಂಡೆ. ಮೊದಲ ದಿನ, ಮೊದಲ ಹಾಸಿಗೆ, ಆಗಲೇ ದೂರು. ನನಗಂತೂ ಕೊಪ್ಪದಿಂದ ಓಲಗ ಕೇಳಿಸಿದ ಹಾಗಾಯಿತು.

ಅವರು ನಿಧಾನವಾಗಿ ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಇವರ ಗದ್ದೆಗೆ ನಾಲೆಯಿಂದ ನೀರು ಬರಬೇಕಾದದ್ದು ಶುಕ್ರವಾರ. ನೀರು ಹಂಚುವ ನೀರುಗಂಟಿ ಅದನ್ನು ಮೇಲಿನ ಗದ್ದೆಯವನಿಗೆ ತಿರುಗಿಸುತ್ತಾನೆ. ಮೇಲಿನ ಗದ್ದೆಯವನು ನೀರುಗಂಟಿಯ ಭಾವಮೈದ. ಎರಡು ಪುಟ ತುಂಬಿತು. ಇದರಲ್ಲಿ ಶುಶ್ರೂಷಾಲಯ ಯಾವಾಗ ಬರುತ್ತದೆ ಎಂದು ಮೆಲ್ಲಗೆ ಕೇಳಿದೆ.

"ನಾನು ಇಲ್ಲಿ ಮಲಗಿವ್ನಲ್ಲ ಸ್ವಾಮಿ, ಅದ್ಕೇ ಅವ್ನು ಅಲ್ಲಿ ಅಂಗ್ ಮಾಡ್ತಾವ್ನೆ," ಅಂದರು.

ಪಕ್ಕದ ಹಾಸಿಗೆಯವರು ಅಷ್ಟರಲ್ಲಿ ಎದ್ದು ಕೂತಿದ್ದರು. ಒಬ್ಬರದು ಬದುವಿನ ತಕರಾರು, ಒಬ್ಬರದು ಅಳಿಯನ ತಕರಾರು, ಇನ್ನೊಬ್ಬರ ಎಮ್ಮೆಯನ್ನು ದೊಡ್ಡಿಗೆ ಕೂಡಿಬಿಟ್ಟಿದ್ದರು. ಎಲ್ಲರೂ ನಾನು ಕೇಳುವ ಮುಂಚೆಯೇ ಹೆಬ್ಬೆಟ್ಟು ಚಾಚಿದರು. ಅಧ್ಯಕ್ಷರು ಹದಿನಾಲ್ಕು ಪುಟವನ್ನೂ ಓದಿ, ಎಮ್ಮೆಗೆ ಯಾವ ಹಾಸಿಗೆ ಕೊಟ್ಟಿದೆ ಎಂದು ಕೇಳಿದರು.

ಮುಂದಿನ ತಿಂಗಳು ಹೋದರೆ ಗೇಟಿನ ಹತ್ತಿರ ಇಪ್ಪತ್ತು ಜನ ಕಾದಿದ್ದರು. ಯಾರಿಗೂ ಯಾವ ಕಾಯಿಲೆಯೂ ಇರಲಿಲ್ಲ. ಆದದ್ದೇನೆಂದರೆ, ನಾನು ಬರೆದುಕೊಂಡು ಹೋದ ಮರುದಿನವೇ ನೀರುಗಂಟಿಗೂ ಭಾವಮೈದನಿಗೂ ಜಗಳವಾಗಿ ಮುದುಕರ ಗದ್ದೆಗೆ ನೀರು ಬಂದುಬಿಟ್ಟಿತ್ತು. ಆಮೇಲೆ ಮಂಡ್ಯದಲ್ಲಿ ಊಟದ ವಿಷಯ ನನ್ನ ಹತ್ತಿರ ಯಾರೂ ಎತ್ತಲಿಲ್ಲ. ನಾಲೆಯಲ್ಲಿ ನೀರು ಬಿಡಿಸುವಂಥ ಮನುಷ್ಯನನ್ನು ಸಾರು, ಉಪ್ಪು ಎಂದು ಯಾಕೆ ಹಾಳುಮಾಡಬೇಕು ಎಂದು ಅವರು ಅವರಲ್ಲೇ ತೀರ್ಮಾನ ಮಾಡಿಕೊಂಡಿದ್ದರು.

೨. ಮೂರು ಮುದ್ದೆ

ತನಿಖೆಗೆ ಹೋದವನು ಅಡುಗೆಯನ್ನು ರುಚಿ ನೋಡಬೇಕು ಎಂಬುದು ಅಧ್ಯಕ್ಷರ ಎರಡನೇ ಆಜ್ಞೆ. ಮದ್ದೂರಿಗೆ ಊಟದ ಹೊತ್ತಿಗೆ ಸರಿಯಾಗಿ ಹೋದೆ. ಒಂದು ಚಮಚ ಸಾರು ನಾಲಿಗೆಗೆ ಮುಟ್ಟಿಸಿ, ಹುಳಿಯೋ ಖಾರವೋ ಏನಾದರೊಂದು ಹಿಡಿದುಬಿಡಬೇಕೆಂದು ಮನಸ್ಸಿನಲ್ಲಿತ್ತು.

ಹೊತ್ತಿಗೆ ಬಂದವರು ಉಣ್ಣದೆ ಕೂತಿದ್ದರೆ ನಮ್ಮ ಕಡೆ ಯಾರೂ ತಟ್ಟೆಗೆ ಕೈ ಹಾಕುವುದಿಲ್ಲ ಎಂಬುದು ನನಗೆ ಗೊತ್ತಿತ್ತು, ಆದರೆ ಮರೆತಿದ್ದೆ. ಹತ್ತು ಜನ ರೋಗಿಗಳು ಮುಂದೆ ತಟ್ಟೆ ಇಟ್ಟುಕೊಂಡು, ಕೈಕಟ್ಟಿ ನನ್ನನ್ನೇ ನೋಡುತ್ತಿದ್ದರು. ಚಮಚ ಕೇಳಿದರೆ ಆಯಾ ಬಾಳೆಎಲೆ ಹಾಕಿದಳು. ಮುದ್ದೆ, ಹುರುಳಿಕಾಳಿನ ಬಸ್ಸಾರು. ಒಂದು ಉಂಡು ಏಳಲು ಹೋದೆ. ಒಂದು ಮುದ್ದೆಗೇ ಎದ್ದರೆ ಅಡುಗೆ ಸೇರಲಿಲ್ಲ ಅಂತಾಯ್ತದೆ ಎಂದು ಒಬ್ಬರು ನೊಂದುಕೊಂಡರು. ಎರಡಾಯಿತು. ಎರಡು ಉಂಡು ಎದ್ದರೆ ಮನೆಗೆ ಒಳ್ಳೆಯದಲ್ಲ ಎಂದು ಇನ್ನೊಬ್ಬರು. ಮೂರನೆಯದು ಹೇಗೆ ಇಳಿಯಿತೋ ದೇವರೇ ಬಲ್ಲ. ಆಮೇಲೆ ಎಲ್ಲರೂ ಉಂಡರು.

ಪೆನ್ಸಿಲ್ಲು ತೆಗೆದು, ಊಟ ಹೇಗಿದೆ ಎಂದು ಕೇಳಿದೆ. "ನೀವೇ ಉಂಡ್ರಲ್ಲ, ನೀವೇ ಯೋಳಿ," ಅಂದರು. ಹೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಖಾಲಿ ಇದ್ದ ಹಾಸಿಗೆಯೊಂದನ್ನು ಆಯಾ ತೋರಿಸಿದಳು, ಒಂದು ಗಳಿಗೆ ಎಂದು ಒರಗಿದೆ.

ತಿಂಗಳ ಕೊನೆಗೆ ಮದ್ದೂರಿನ ರೋಗಿಗಳ ರಿಜಿಸ್ಟರು ಅಧ್ಯಕ್ಷರ ಮೇಜಿಗೆ ಬಂತು. ಹಾಸಿಗೆಯಲ್ಲಿ ಮಲಗಿದವರನ್ನೆಲ್ಲ ಬರೆಯಬೇಕೆಂದು ಆಯಾಗೆ ಕಟ್ಟಪ್ಪಣೆ ಇತ್ತು, ಅವಳು ಬರೆದಿದ್ದಳು. ಹೆಸರು: ತನಿಖೆಯವರು. ದಾಖಲಾದದ್ದು: ಹನ್ನೆರಡು ಗಂಟೆ. ಆಹಾರ: ಮೂರು ಮುದ್ದೆ. ನಿದ್ದೆ: ಗೊರಕೆ ಸಮೇತ. ಬಿಡುಗಡೆ: ನಾಲ್ಕು ಗಂಟೆ, ಪೂರ್ತಿ ಗುಣ.

೩. ಗಂಟೆ

ಕರೆದ ಎಷ್ಟು ನಿಮಿಷಕ್ಕೆ ಆಯಾ ಬರುತ್ತಾಳೆ ಎಂದು ಗಡಿಯಾರ ಹಿಡಿದು ನೋಡತಕ್ಕದ್ದು. ಇದು ಅಧ್ಯಕ್ಷರ ಮೂರನೇ ಆಜ್ಞೆ. ಕರೆಯುವುದಕ್ಕೆ ಅನುಕೂಲವಾಗಲೆಂದು ಒಂದು ಕೈಗಂಟೆಯನ್ನೂ ಕೊಡಿಸಿದರು. ಯುದ್ಧದ ಕಾಲದಲ್ಲಿ ಪೇಟೆಯಲ್ಲಿ ಬೇರೆ ಗಂಟೆ ಸಿಕ್ಕಲಿಲ್ಲ, ಹಿಡಿಯ ತುದಿಯಲ್ಲಿ ಬಸವಣ್ಣ ಕೂತಿದ್ದ ಗಂಟೆಯೇ ಸಿಕ್ಕಿದ್ದು.

ಮಂಡ್ಯದ ವಾರ್ಡಿನ ನಡುವೆ ಅದನ್ನಿಟ್ಟು, ಆಯಾ ಬೇಕಾದಾಗ ಬಾರಿಸಿ ಎಂದೆ. ಯಾರೂ ಬಾರಿಸಲಿಲ್ಲ. ಅರ್ಧ ಗಂಟೆ ಕಾದು, ಇಗೋ ಹೀಗೆ ಎಂದು ನಾನೇ ಬಾರಿಸಿದೆ.

ಸೊಂಟ ಹಿಡಿದ ಮುದುಕರು ಎದ್ದು ಕೂತು ಕೈ ಮುಗಿದರು. ಕಾಲು ಮುರಿದವರು ಮಲಗಿದಲ್ಲೇ ಕೆನ್ನೆ ಬಡಿದುಕೊಂಡರು. ಇಡೀ ವಾರ್ಡು ಕಣ್ಣು ಮುಚ್ಚಿಕೊಂಡಿತು. ಅಷ್ಟರಲ್ಲಿ ಆಯಾ ಓಡಿ ಬಂದಳು, ಒಂದು ನಿಮಿಷವೂ ಆಗಿರಲಿಲ್ಲ. ಬಂದವಳು ಎಲ್ಲರನ್ನೂ ನೋಡಿ ಬಾಗಿಲಲ್ಲೇ ಚಪ್ಪಲಿ ಬಿಟ್ಟು ತಾನೂ ಕೈ ಮುಗಿದು ನಿಂತಳು. ನಾನು ಗಂಟೆ ಕೆಳಗಿಡುವ ಹಾಗಿಲ್ಲ, ಬಾರಿಸುವುದನ್ನು ನಿಲ್ಲಿಸಿದರೆ ಮುಂದೇನು ಎಂದು ತಿಳಿಯದು. ಕೊನೆಗೆ ಮುದುಕರೊಬ್ಬರು ಒಂದು ಕಣ್ಣು ತೆರೆದು, ಮಂಗಳಾರತಿ ಎಲ್ಲಿ ಎಂದು ಕೇಳಿದರು.

ಪ್ರಸಾದವಿಲ್ಲದೆ ಬರಿಗೈಯಲ್ಲಿ ಬಿಟ್ಟರೆ ಚೆನ್ನಾಗಿರುವುದಿಲ್ಲವೆಂದು ಆಯಾ ಅಡುಗೆ ಮನೆಯಿಂದ ಒಂದಿಷ್ಟು ಹುರಿಗಡಲೆ ತಂದು ಎಲ್ಲರ ಕೈಗೂ ಹಾಕಿದಳು. ಅಲ್ಲಿಂದಾಚೆಗೆ ಗಂಟೆಯನ್ನು ಅವರೇ ಬಾರಿಸತೊಡಗಿದರು. ದಿನಾ ಸಂಜೆ ನಾಲ್ಕಕ್ಕೆ, ಕಡಲೆಗೆ.

೪. ವೇಷ

ಆರು ತಿಂಗಳು ಕಳೆದವು, ದೂರು ಸಿಕ್ಕಲಿಲ್ಲ. ಕೇಳಿ ಪ್ರಯೋಜನವಿಲ್ಲ, ರೋಗಿಯ ವೇಷದಲ್ಲಿ ಹೋಗಿ ಕಣ್ಣಾರೆ ಕಾಣಬೇಕೆಂದು ಹೊರಟೆ. ಮಳವಳ್ಳಿಯನ್ನು ಆರಿಸಿಕೊಂಡೆ. ನಾಲ್ಕು ದಿನ ಗಡ್ಡ ಬಿಟ್ಟು, ಕಂಬಳಿ ಹೊದ್ದು, ತಲೆಗೆ ಟವಲು ಸುತ್ತಿ, ನರಳುತ್ತಾ ಗೇಟಿನೊಳಕ್ಕೆ ಕಾಲಿಟ್ಟೆ. ಆಯಾ ಒಂದು ಮಾತೂ ಕೇಳದೆ ಕೈ ಹಿಡಿದು ನಡೆಸಿಕೊಂಡು ಹೋಗಿ ಮಲಗಿಸಿದಳು. ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡೆ.

ಹೊಸದಾಗಿ ಬಂದ ರೋಗಿಗೆ ಮೊದಲು ಹೊಟ್ಟೆ ತೊಳೆಯಬೇಕೆಂಬುದು ಮಳವಳ್ಳಿಯ ಕಟ್ಟಳೆ. ಆಯಾ ಒಂದು ಲೋಟ ಹರಳೆಣ್ಣೆ ಹಿಡಿದು ಬಂದಳು. ಬೇಡವೆಂದರೆ ಗುಟ್ಟು ರಟ್ಟಾಗುತ್ತದೆ. ಗಂಡಸರಿಗೂ ಹೆಂಗಸರಿಗೂ ನಡುವೆ ಒಂದು ಬಿದಿರಿನ ತಟ್ಟಿ ಇತ್ತು. ಅದರಾಚೆಯಿಂದ ಶಿವನಸಮುದ್ರದ ಕಡೆಯ ಅಜ್ಜಿಯೊಬ್ಬರು, "ಕಣ್ ಮುಚ್ಕಂಡು ಕುಡ್ದುಬುಡು ಮಗ, ಒಳ್ಳೇದಾಯ್ತದೆ," ಎಂದು ಧೈರ್ಯ ಹೇಳಿದರು. ಕುಡಿದೆ.

ಆಮೇಲೆ ಎರಡು ದಿನ ನಾನು ಏನನ್ನು ಪರಿಶೀಲಿಸಿದೆ ಎಂಬುದನ್ನು ವರದಿಯಲ್ಲಿ ಪ್ರಾಮಾಣಿಕವಾಗಿ ಬರೆದಿದ್ದೇನೆ. 'ಕಕ್ಕಸಿನ ವ್ಯವಸ್ಥೆಯನ್ನು ಹದಿನೇಳು ಬಾರಿ ಖುದ್ದಾಗಿ ನೋಡಲಾಯಿತು. ಚೊಕ್ಕಟವಾಗಿದೆ. ನೀರಿಗೆ ಕೊರತೆ ಇಲ್ಲ.'

ಮೂರನೇ ದಿನ ಎದ್ದು ಹೊರಟಾಗ ಆಯಾ ಹಾಸಿಗೆ ಕೆಳಗಿಂದ ನನ್ನ ಪುಸ್ತಕ, ಪೆನ್ಸಿಲ್ಲು ತೆಗೆದು ಧೂಳು ಒರೆಸಿ ಕೈಗೆ ಕೊಟ್ಟಳು. ಮೊದಲೇ ಗುರುತು ಹಿಡಿದಿದ್ದೆಯಾ ಎಂದು ಕೇಳಿದೆ.

"ಗೇಟ್ನಾಗೇ ಇಡಿದೆ ಸ್ವಾಮಿ. ಅಷ್ಟು ಕಷ್ಟ ಬಿದ್ದು ವೇಸ ಆಕ್ಕಂಡು ಬಂದಿದ್ರಿ, ಮರ್ವಾದೆ ತೆಗೀಬಾರ್ದು ಅಂತ ಸುಮ್ಗಿದ್ದೆ," ಅಂದಳು.

೫. ಜಂತೆ

ತಟ್ಟಿಯಾಚೆಯ ಆ ಅಜ್ಜಿಯ ವಿಷಯ ಹೇಳಲೇಬೇಕು. ಬಾವಿ ಕಟ್ಟೆಯ ಮೇಲೆ ಜಾರಿ ತೊಡೆ ಮೂಳೆ ಮುರಿದುಕೊಂಡು ಬಂದವರು, ವರ್ಷವೆಲ್ಲ ಅಲ್ಲೇ ಇದ್ದರು. ಎಲ್ಲರಿಗಿಂತ ಚುರುಕು. ನಾನು ಬಂದರೆ ಕೂತುಕೊಳ್ಳಲು ಹಾಸಿಗೆಯ ಒಂದು ಮೂಲೆ ಬಿಟ್ಟುಕೊಡುವರು. ಆದರೆ ಕೊರತೆ ಏನೆಂದು ಕೇಳಿದರೆ ಏನೂ ಇಲ್ಲ ಕಣಪ್ಪ ಎಂಬುದೊಂದೇ ಉತ್ತರ.

ಮಳೆಗಾಲದಲ್ಲಿ ಒಂದು ದಿನ ಹೋದಾಗ ಅಜ್ಜಿ ಊಟಕ್ಕೆ ಕೂತಿದ್ದರು. ಮೇಲೆ ಒಡೆದ ಹೆಂಚಿನ ಸಂದಿಯಿಂದ ತೊಟ್ಟು ತೊಟ್ಟಾಗಿ ನೀರು ಅವರ ಮಜ್ಜಿಗೆ ಬಟ್ಟಲಿಗೇ ಬೀಳುತ್ತಿತ್ತು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಓಡಿ ಹೋಗಿ ಪುಸ್ತಕ ಬಿಚ್ಚಿದೆ. ಮಜ್ಜಿಗೆ ಗಟ್ಟಿಯಾಗಿತ್ತು, ನೀರು ಬೇಕೇ ಬೇಕಿತ್ತು ಎಂದರು ಅಜ್ಜಿ.

ಇನ್ನೊಂದು ತಿಂಗಳು ಅವರ ಮಂಚದ ಒಂದು ಕಾಲು ಮುರಿದಿತ್ತು. ಈಗ ಇಳಿಯುವುದಕ್ಕೆ ಸಲೀಸು ಎಂದರು. ಮತ್ತೊಮ್ಮೆ ಸಾರಿಗೆ ಉಪ್ಪು ಹಾಕುವುದನ್ನೇ ಅಡುಗೆಯವನು ಮರೆತಿದ್ದ. ನಾನೇ ಬಾಯಿಗೆ ಬಿಟ್ಟುಕೊಂಡು ನೋಡಿದೆ, ಬರೀ ಬಿಸಿನೀರು. ಡಾಕ್ಟರು ಉಪ್ಪು ಕಮ್ಮಿ ಮಾಡು ಅಂದಿದ್ದರಂತೆ, ಅಡುಗೆಯವನಿಗೆ ಅದು ಹೇಗೆ ಗೊತ್ತಾಯಿತೋ ಪಾಪ ಎಂದು ಅವನನ್ನೇ ಹೊಗಳಿದರು.

ಅವತ್ತು ನನಗೆ ತಡೆಯಲಾಗಲಿಲ್ಲ. ಪುಸ್ತಕ ಮುಚ್ಚಿಟ್ಟು ಎಲ್ಲ ಹೇಳಿಬಿಟ್ಟೆ. ಕೆಲಸ ಹಂಗಾಮಿ, ದೂರಿಲ್ಲದೆ ಖಾಯಂ ಇಲ್ಲ, ಖಾಯಂ ಇಲ್ಲದೆ ಕೊಪ್ಪದ ಹುಡುಗಿ ಇಲ್ಲ, ಯುಗಾದಿಗೆ ಇನ್ನು ಎರಡೇ ತಿಂಗಳು. ಅಜ್ಜಿ, ನಿಮ್ಮ ದಮ್ಮಯ್ಯ, ಒಂದೇ ಒಂದು ದೂರು ಕೊಡಿ, ಪುಣ್ಯ ಕಟ್ಟಿಕೊಳ್ಳಿ ಎಂದೆ.

ಅಜ್ಜಿ ಮೊದಲು, ಹುಡುಗಿ ಕೆಂಪಗಿದ್ದಾಳಾ, ಕಪ್ಪಗಿದ್ದಾಳಾ ಎಂದು ಕೇಳಿದರು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

"ಉಂಡ ಮನೆ ಜಂತೆ ಎಣುಸ್ಬಾರ್ದು ಕಣಪ್ಪ. ಬಿಟ್ಟಿ ಇಕ್ತಾವ್ರೆ, ಉಣ್ತಾ ಇವ್ನಿ. ಅದೊಂದ್ ಬುಟ್ಟು ಬ್ಯಾರೆ ಏನಾರ ಕೇಳು."

ಬೇರೆ ಏನು ಕೇಳಲಿ. ಹಾಗಾದರೆ ಸೋರುವ ಹೆಂಚು ಎಷ್ಟನೇ ಜಂತೆಯ ಹತ್ತಿರ ಇದೆ ಅಷ್ಟನ್ನಾದರೂ ಹೇಳಿ, ಸರಿ ಮಾಡಿಸುತ್ತೇನೆ ಎಂದೆ. ಅಜ್ಜಿ ಮೇಲೆ ನೋಡದೆ, ಎಣಿಸದೆ ಹೆಂಗ್ ಹೇಳಲಿ ಎಂದರು.

೬. ಹನ್ನೊಂದು ಹೆಬ್ಬೆಟ್ಟು

ಕೊನೆಯ ತಿಂಗಳು, ಕೊನೆಯ ತನಿಖೆ, ಮಳವಳ್ಳಿ. ಸುಮ್ಮನೆ ಹೋಗಿ ನಮಸ್ಕಾರ ಹೇಳಿ ಬರೋಣ ಎಂದು ಹೋದೆ. ಅಜ್ಜಿ ದಿಂಬಿನ ಕೆಳಗಿಂದ ಒಂದು ಮಡಿಸಿದ ಕಾಗದ ತೆಗೆದು ಕೊಟ್ಟರು. ಗಂಡಸರ ಕಡೆ ಒಬ್ಬರು ನಿವೃತ್ತ ಮೇಷ್ಟ್ರು ಮಲಗಿದ್ದರು, ಬರೆದವರು ಅವರು. ಕೆಳಗೆ ಹನ್ನೊಂದು ಹೆಬ್ಬೆಟ್ಟು. ಮೇಷ್ಟ್ರಿಗೆ ಸಹಿ ಬರುತ್ತಿತ್ತು, ಆದರೂ ಒಗ್ಗಟ್ಟಿಗೆ ಎಂದು ಅವರೂ ಹೆಬ್ಬೆಟ್ಟನ್ನೇ ಒತ್ತಿದ್ದರು.

ಬಾಗಿಲ ಬೆಳಕಿಗೆ ಹಿಡಿದು ಓದಿದೆ.

'ಮಹಾಸ್ವಾಮಿಯವರ ಪಾದಗಳಿಗೆ ಮಳವಳ್ಳಿ ಶುಶ್ರೂಷಾಲಯದ ರೋಗಿಗಳು ಅರಿಕೆ ಮಾಡಿಕೊಳ್ಳುವುದೇನೆಂದರೆ, ಇಲ್ಲಿಗೆ ತಿಂಗಳು ತಿಂಗಳೂ ಬರುವ ತನಿಖೆಯವರಿಂದ ನಮಗೆ ಬಹಳ ತೊಂದರೆ ಇದೆ. ಮಧ್ಯಾಹ್ನ ನಾವು ಕಣ್ಣು ಮುಚ್ಚಿದ ಕೂಡಲೆ ಎಬ್ಬಿಸಿ, ನಿದ್ದೆ ಚೆನ್ನಾಗಿ ಬರುತ್ತದೆಯೇ ಎಂದು ಕೇಳುತ್ತಾರೆ. ಬಡಿಸುವವನನ್ನು ನಿಲ್ಲಿಸಿಕೊಂಡು ಸಾರು ಬಿಸಿ ಇದೆಯೇ ಎಂದು ಹನ್ನೊಂದು ಜನರನ್ನೂ ಕೇಳುತ್ತಾರೆ, ಹನ್ನೊಂದನೆಯವರ ಸರದಿ ಬರುವಷ್ಟರಲ್ಲಿ ಬಿಸಿ ಇರುವುದಿಲ್ಲ. ಕರೆದರೆ ಆಯಾ ಬರುತ್ತಾಳೆಯೇ ಎಂದು ಆಯಾಳನ್ನೇ ಒಂದು ಗಂಟೆ ಹಿಡಿದಿಟ್ಟುಕೊಂಡು ವಿಚಾರಿಸುತ್ತಾರೆ, ಆ ಒಂದು ಗಂಟೆ ಯಾರು ಕರೆದರೂ ಅವಳು ಬರಲಾಗುವುದಿಲ್ಲ. ಇವರು ಬಾರದ ದಿನಗಳಲ್ಲಿ ನಮಗೆ ಯಾವ ಕೊರತೆಯೂ ಇಲ್ಲ.'

ನನ್ನ ಮುಖ ಬಾಡಿರಬೇಕು. ಅಜ್ಜಿ ನನ್ನ ಗಲ್ಲ ಹಿಡಿದು ಎತ್ತಿದರು.

"ಈ ಮನೇಲಿ ಉಂಡಿವ್ನಿ, ಈ ಮನೆ ಮ್ಯಾಲೆ ಯೋಳಾಕಿಲ್ಲ. ನಿನ್ ಮನೇಲಿ ಉಂಡಿಲ್ವಲ್ಲ ಕಣಪ್ಪ. ನಿನ್ ಜಂತೆ ಎಣುಸ್ಬೋದು. ತಕಂಡೋಗಿ ಕೊಟ್ಟು ಮದ್ವೆ ಆಗೋಗು," ಅಂದರು.

ಮಳವಳ್ಳಿಯಿಂದ ಮಂಡ್ಯಕ್ಕೆ ಬರುವ ಇದ್ದಿಲ ಬಸ್ಸು ಆವತ್ತು ಮೂರು ಕಡೆ ನಿಂತಿತು. ಮೂರು ಕಡೆಯೂ ಆ ಕಾಗದವನ್ನು ಹರಿದು ಬಿಸಾಡಿಬಿಡಲೇ ಎಂದು ಯೋಚಿಸಿದೆ. ಕೊಟ್ಟರೆ ಕೆಲಸ ಹೋಗುತ್ತದೆ, ಕೊಡದಿದ್ದರೂ ಹೋಗುತ್ತದೆ. ನಾಚಿಕೆಯೂ ಆಗುತ್ತಿತ್ತು, ಯಾಕೆಂದರೆ ಬರೆದದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಕೊನೆಗೆ, ಹನ್ನೊಂದು ಜನ ನನಗಾಗಿ ಮಸಿ ಮಾಡಿಕೊಂಡ ಬೆರಳು ನೆನಪಾಗಿ, ನೇರ ಅಧ್ಯಕ್ಷರ ಮನೆಗೆ ಹೋಗಿ ಅವರ ಮುಂದಿಟ್ಟೆ.

ಅಧ್ಯಕ್ಷರು ಒಮ್ಮೆ ಓದಿದರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. ನಿಜವೇ ಎಂದು ಕೇಳಿದರು, ನಿಜ ಎಂದೆ. ಮೂರೂ ನಿಜವೇ ಎಂದರು, ಮೂರೂ ನಿಜ ಎಂದೆ. ಮಸಿ ಕುಡಿಕೆ ಹತ್ತಿರಕ್ಕೆ ಎಳೆದುಕೊಂಡರು. ತನ್ನ ಮೇಲಿನ ದೂರನ್ನು ತಾನೇ ಹೊತ್ತುಕೊಂಡು ಬಂದ ಗುಮಾಸ್ತನನ್ನು ಮೂವತ್ತು ವರ್ಷದಲ್ಲಿ ನಾನು ನೋಡಿಲ್ಲ ಎಂದರು. ಮೇಲೆ ಷರಾ ಬರೆದರು. 'ದೂರು ನಿಜ. ತನಿಖೆ ಸಮರ್ಪಕ. ಖಾಯಂ ಮಾಡಿದೆ. ಇನ್ನು ಮುಂದೆ ಇವರು ಊಟದ ಹೊತ್ತಿನಲ್ಲೂ ನಿದ್ದೆಯ ಹೊತ್ತಿನಲ್ಲೂ ಹೋಗತಕ್ಕದ್ದಲ್ಲ.'

ಮರುದಿನವೇ ಕೊಪ್ಪಕ್ಕೆ ಹೋದೆ. ಖಾಯಂ ಹೇಗಾಯಿತು ಎಂದು ಹುಡುಗಿಯ ಅಪ್ಪ ಕೇಳಿದರು. ಹನ್ನೊಂದು ಜನ ಹೆಬ್ಬೆಟ್ಟು ಒತ್ತಿ ಬರೆದುಕೊಟ್ಟರು ಎಂದೆ. ಏನಂತ ಬರೆದರು ಎಂದರು. ನಾನು ಬಾರದಿದ್ದರೇ ಚೆನ್ನಾಗಿರುತ್ತೇವೆ ಅಂತ ಬರೆದರು ಎಂದೆ. ಅವರು ಮೀಸೆ ಸವರಿಕೊಂಡರು.

"ಅಂಗಾರೆ ಮನೇಲೇ ಇರ್ತೀರಿ. ಎಣ್ಣಿಗೆ ಒಳ್ಳೇದೇ ಬುಡಿ," ಎಂದು ಎಲೆ ಅಡಿಕೆ ತಟ್ಟೆ ಈಚೆಗೆ ಸರಿಸಿದರು.

೭. ಮುಯ್ಯಿ

ಮದುವೆ ನಮ್ಮೂರು ಬೆಸಗರಹಳ್ಳಿಯಲ್ಲಿ, ನಮ್ಮ ಮನೆಯ ಚಪ್ಪರದಲ್ಲಿ. ಅಧ್ಯಕ್ಷರು ಜರಿ ಪೇಟ ಸುತ್ತಿಕೊಂಡು ಬಂದರು. ಮಳವಳ್ಳಿಯ ಆಯಾ ಅಜ್ಜಿಯನ್ನು ಗಾಡಿಯಲ್ಲಿ ಹುಲ್ಲಿನ ಮೆತ್ತೆ ಹಾಕಿ ಕೂರಿಸಿಕೊಂಡು ಬಂದಿದ್ದಳು. ಅಜ್ಜಿ ಕೋಲೂರಿಕೊಂಡು ಇಳಿದು, ಹುಡುಗಿಯನ್ನು ಮೇಲಿಂದ ಕೆಳಕ್ಕೆ ನೋಡಿ, ದೃಷ್ಟಿ ತೆಗೆದು ನೆಟಿಗೆ ಮುರಿದರು. ನನಗೆ ತಾಯಿ ಇರಲಿಲ್ಲ. ಅಜ್ಜಿಯನ್ನು ಕಂಡಾಗ ಆ ಕೊರತೆ ಆ ದಿನದ ಮಟ್ಟಿಗೆ ನೀಗಿತು ಅನ್ನಿಸಿತು.

ಧಾರೆಯಾಯಿತು, ಪಂಕ್ತಿ ಕೂತಿತು. ಮದುಮಗನಾದವನು ಸುಮ್ಮನೆ ಹಸೆಯ ಮೇಲೆ ಕೂತಿರಬೇಕು. ನನಗೆ ಒಂದು ವರ್ಷದ ಚಾಳಿ, ಊಟಕ್ಕೆ ಕೂತ ಜನರನ್ನು ಕಂಡರೆ ಕಾಲು ನಿಲ್ಲುವುದಿಲ್ಲ. ಬಾಸಿಂಗ ಕಟ್ಟಿಕೊಂಡೇ ಎದ್ದು ಸಾಲಿನುದ್ದಕ್ಕೂ ನಡೆದೆ. ಅಜ್ಜಿಯ ಎಲೆಯ ಮುಂದೆ ಕೂತು, ನಗುತ್ತಾ, ಊಟ ಹೇಗಿದೆ ಅಜ್ಜಿ, ಏನಾದರೂ ಕೊರತೆ ಇದೆಯೇ ಎಂದೆ. ಉತ್ತರ ನನಗೆ ಬಾಯಿಪಾಠವಾಗಿತ್ತು.

"ಐತೆ," ಅಂದರು ಅಜ್ಜಿ.

ಒಂದು ವರ್ಷ ಕಾದಿದ್ದ ಮಾತು ಆ ದಿನ ಬಂತು. ಅಜ್ಜಿ ನೀರು ಕುಡಿದು ಗಂಟಲು ಸರಿಮಾಡಿಕೊಂಡು ಶುರುಮಾಡಿದರು. ಅನ್ನ ಮುಗ್ಗಲು. ಹಪ್ಪಳ ಒಂದೇ, ಅದೂ ಮುರುಕಲು. ಬಡಿಸುವವನು ಎಲೆ ನೋಡುವುದಿಲ್ಲ, ಹುಡುಗಿಯರನ್ನು ನೋಡುತ್ತಾನೆ. ಚಾಪೆ ಚುಚ್ಚುತ್ತದೆ. ಚಪ್ಪರಕ್ಕೆ ಬಿದಿರಿನ ಗಳು ಏಳೇ ಇವೆ, ಒಂಬತ್ತಾದರೂ ಬೇಕಿತ್ತು. ಎಣಿಸಿಯೂ ಆಗಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಪಾಯಸಕ್ಕೆ ಬೆಲ್ಲವೇ ಇಲ್ಲ. ಸುತ್ತ ಮುತ್ತ ಆಲೆಮನೆ ಇಟ್ಟುಕೊಂಡು ಬೆಲ್ಲವಿಲ್ಲದ ಪಾಯಸ ಕಾಯಿಸುವುದಕ್ಕೆ ನಿಮಗೆ ಕೈ ಹೇಗೆ ಬಂತು ಎಂದರು. ಎರಡು ಕಡೆಯ ಬೀಗರೂ ಕೈ ನಿಲ್ಲಿಸಿ ಕೇಳುತ್ತಿದ್ದರು. ಕೊಪ್ಪದ ಮಾವನವರಂತೂ ಒಂದೊಂದಕ್ಕೂ ತಲೆಯಾಡಿಸುತ್ತಿದ್ದರು.

ನನಗೆ ನಗುವೂ ಬಂತು, ಸಿಟ್ಟೂ ಬಂತು. ಅಲ್ಲ ಅಜ್ಜಿ, ಉಂಡ ಮನೆಯ ಜಂತೆ ಎಣಿಸಬಾರದು ಅಂದವರು ನೀವೇ ಅಲ್ಲವೇ ಎಂದೆ.

ಅಜ್ಜಿ ಚಪ್ಪರದ ಬಾಗಿಲ ಕಡೆ ಕೈ ತೋರಿಸಿದರು. ಅಲ್ಲಿ ನಮ್ಮ ಚಿಕ್ಕಪ್ಪ, ಯಾರು ಯಾರು ಎಷ್ಟೆಷ್ಟು ಮುಯ್ಯಿ ಕೊಟ್ಟರು ಎಂದು ಬರೆದುಕೊಳ್ಳುತ್ತಾ ಕೂತಿದ್ದರು.

"ಅಲ್ಲಿ ಬಿಟ್ಟಿ ಉಂಡಿದ್ದು ಕಣಪ್ಪ. ಇಲ್ಲಿ ನಾಕಾಣೆ ಮುಯ್ಯಿ ಆಕಿವ್ನಿ. ಯಾಕ್ ಎಣುಸ್ಬಾರ್ದು?"

ಪಕ್ಕದ ಸಾಲಿನಿಂದ ಅಧ್ಯಕ್ಷರ ದನಿ ಕೇಳಿತು. ಪಾಯಸ ಬಾಯಿಗಿಟ್ಟುಕೊಂಡು ಅವರೂ ಮುಖ ಹುಳಿ ಮಾಡಿಕೊಂಡಿದ್ದರು. "ಬರೀ ಬಾಯಿಮಾತು ನಡೆಯೋದಿಲ್ಲ. ಹೆಬ್ಬೆಟ್ಟು ಒತ್ತಿಸ್ಕೊಳ್ಳಿ," ಅಂದರು.

ಮದುಮಗನ ಹತ್ತಿರ ಪುಸ್ತಕ ಎಲ್ಲಿಂದ ಬರಬೇಕು. ಅಜ್ಜಿ ಕಾಯಲಿಲ್ಲ. ಎಂಜಲು ಕೈ ಎಂದು ಯಾರೋ ಕೂಗುವಷ್ಟರಲ್ಲಿ ಹೆಬ್ಬೆಟ್ಟನ್ನು ಪಾಯಸದಲ್ಲಿ ಅದ್ದಿ ನನ್ನ ಧಾರೆ ಪಂಚೆಯ ಅಂಚಿನ ಮೇಲೆ ಗಟ್ಟಿಯಾಗಿ ಒತ್ತಿಬಿಟ್ಟರು.

ಆ ಪಂಚೆಯನ್ನು ಒಗೆಸದೆ ಹಾಗೇ ಮಡಿಸಿ ಪೆಟ್ಟಿಗೆಯಲ್ಲಿಟ್ಟೆ. ವರ್ಷದ ಮೇಲೆ ತೆಗೆದು ನೋಡಿದೆ, ಹೆಬ್ಬೆಟ್ಟು ಗೆರೆ ಗೆರೆಯಾಗಿ ಹಾಗೇ ಇತ್ತು. ದೂರು ನಿಜವೇ. ಒಂದು ಇರುವೆಯೂ ಮುತ್ತಿರಲಿಲ್ಲ.